ಸಿಹಿನೀರಿನ ಬಾವಿ, ಮಿಶನ್ನಿನ ಕಂಬಳಿ

ಕೆಲವು ದಿನಗಳ ಹಿಂದೆ ನರ್ಸಿಂಗ್ ಕಲಿಯುವ ಹುಡುಗಿಯರ ಒಂದು ಸಮಾರಂಭಕ್ಕೆ ನನ್ನನ್ನು ಕರೆದಿದ್ದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಣೆ ಮಾಡುತ್ತಿದ್ದ ಹುಡುಗಿ 'ಸದಾ ನಗುನಗುತ್ತ ಸೇವೆ ಮಾಡಿದ ತಾಯಿ' ಎಂದು ನನ್ನನ್ನು ಪರಿಚಯಿಸಿದಳು. ನನಗೆ ಮೈಯೆಲ್ಲ ಉರಿಯಿತು. ಯಾರು ಹೇಳಿದರು ಆಕೆಗೆ, ನಾನು ನಗುತ್ತಿದ್ದೆನೆಂದು? ನನ್ನ ಕೆಲಸದ ಬಹುಪಾಲನ್ನು ನಾನು ಸಿಟ್ಟಿನಲ್ಲಿಯೇ ಮಾಡಿದ್ದೇನೆ. ಸಿಟ್ಟು ಬರಬೇಕಾದ ಕಡೆ ಬರದಿದ್ದರೆ ಈ ಕೆಲಸಕ್ಕೆ ಬರಬೇಡಿ ಎಂದು ಅಂದೇ ಮೈಕಿನ ಮುಂದೆ ಹೇಳಬೇಕೆಂದಿದ್ದೆ. ಹೊತ್ತಾಯಿತೆಂದು ಎರಡು ಮಾತಿಗೇ ಕೂರಿಸಿಬಿಟ್ಟರು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಎಂಬುದರಿಂದ ನಿಮಗೆ ಏನೂ ಆಗಬೇಕಾಗಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಬೆಣ್ಣೆಹಳ್ಳದ ನೆರೆ ಒಂದು ಊರೊಳಗೆ ಬಂದುಹೋದ ಮೇಲೆ ನಡೆದದ್ದನ್ನು ಹೇಳುತ್ತೇನೆ.

ನನ್ನ ಹೆಸರು ಸುವಾರ್ತಾ. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಹುಟ್ಟಿದವಳು. ಅಜ್ಜನ ಕಾಲಕ್ಕೆ ನಮ್ಮ ಮನೆಯವರು ಕ್ರೈಸ್ತರಾದರು. ಮಗ್ಗ ಅದೇ, ಸೀರೆಯ ಅಂಚು ಅದೇ, ಉಣ್ಣುವ ರೊಟ್ಟಿ ಅದೇ. ಓಣಿಯವರು ನಮ್ಮ ಮನೆಗೆ ಕಡ ಕೇಳಲು ಬರುವುದನ್ನು ಮಾತ್ರ ನಿಲ್ಲಿಸಿದರಂತೆ. ನಾನು ನರ್ಸ್ ತರಬೇತಿ ಮುಗಿಸಿ ಬಂದಾಗ ಊರಲ್ಲಿ ಒಂದು ಸಣ್ಣ ಮಿಶನ್ ದವಾಖಾನೆ ಇತ್ತು. ಅದು ಈಗಿಲ್ಲ. ನಡೆಸಿದವರೂ ಇಲ್ಲ. ಅವರ ಹೆಸರು ಇಲ್ಲಿ ಬೇಡ.

ನೀವು ಈಗ ಸೂಜಿಯನ್ನು ಪೊಟ್ಟಣ ಹರಿದು ತೆಗೆಯುತ್ತೀರಿ, ಚುಚ್ಚಿ ಎಸೆಯುತ್ತೀರಿ. ನಾವು ಒಂದೇ ಸೂಜಿಯನ್ನು ಸ್ಟೋವಿನ ಮೇಲೆ ಕುದಿಸಿ ಕುದಿಸಿ, ಮೊಂಡಾದರೆ ಸಾಣೆಕಲ್ಲಿಗೆ ಉಜ್ಜಿ ಮತ್ತೆ ಬಳಸುತ್ತಿದ್ದೆವು. ಸಲೈನು ದಪ್ಪ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಹಾದಿಯಲ್ಲಿ ಗಾಡಿ ಎತ್ತಿ ಹಾಕಿದರೆ ಬಾಟಲಿ ಒಡೆದು ಒಂದು ಜೀವ ಹೋಯಿತೆಂದೇ ಲೆಕ್ಕ. ಹೆರಿಗೆಗೆ ಸೂಡಿ, ನರೇಗಲ್, ಜಕ್ಕಲಿಯಂಥ ಊರುಗಳಿಗೆ ಬಂಡಿಯಲ್ಲಿ ಕೂತು ಹೋಗಬೇಕು. ಜಕ್ಕಲಿಯ ಒಂದು ಮನೆ ಇನ್ನೂ ನೆನಪಿದೆ. ಕೂಸು ಅಡ್ಡ ಸಿಕ್ಕಿತ್ತು. ಒಳಗೆ ಕೈ ಹಾಕಿ ತಿರುಗಿಸಿ ತೆಗೆದೆ. ತಾಯಿಯೂ ಉಳಿದಳು. ಕೈ ತೊಳೆಯಲು ಹಿತ್ತಲಿಗೆ ಹೋದರೆ, ಬಾಣಂತಿಯ ಅತ್ತೆ ತಂಬಿಗೆಯನ್ನು ಎತ್ತರಕ್ಕೆ ಹಿಡಿದು, ನನ್ನ ಕೈಗೆ ತಾಗದ ಹಾಗೆ ನೀರು ಬಿಟ್ಟಳು. ಬಂಡಿ ಹತ್ತುವಾಗ ತಿರುಗಿ ನೋಡಿದೆ, ಹಿತ್ತಲಲ್ಲಿ ನಾನು ಕುಳಿತಿದ್ದ ಕಲ್ಲಿಗೆ ಗೋಮೂತ್ರ ಚಿಮುಕಿಸುತ್ತಿದ್ದಳು. ಸೊಸೆಯ ಹೊಟ್ಟೆಯೊಳಗೆ ಹೋದ ಕೈಗೆ ಇಲ್ಲದ ಮೈಲಿಗೆ ಹಿತ್ತಲಿನ ಕಲ್ಲಿಗೆ ಎಲ್ಲಿಂದ ಬಂತು?

ದವಾಖಾನೆಯ ಹಿರಿಯ ನರ್ಸ್ ಸಲೋಮಿಯಮ್ಮನಿಗೆ ಇದನ್ನು ಹೇಳಿದರೆ, 'ನುಂಗ್ಕೋಬೇಕವ್ವಾ. ನಾವೆಲ್ಲಾ ನುಂಗೇವಿ' ಎಂದರು. ನನಗೆ ನುಂಗಲಾಗಲಿಲ್ಲ. ಈಗಲೂ ನುಂಗಿಲ್ಲ.

ಹಳ್ಳ ಬಂದದ್ದು ಮಳೆಗಾಲದ ಕೊನೆಯಲ್ಲಿ. ನರಗುಂದ, ರೋಣದ ಕಡೆಯವರಿಗೆ ಬೆಣ್ಣೆಹಳ್ಳದ ಸ್ವಭಾವ ಗೊತ್ತು. ಬೇಸಿಗೆಯಲ್ಲಿ ಆಡಿನ ಮರಿ ದಾಟುತ್ತದೆ. ಮೇಲೆಲ್ಲೋ ಮಳೆ ಸುರಿದರೆ ಇಲ್ಲಿ ಬಿಸಿಲಿರುವಾಗಲೇ ನೀರು ಏರಿ ಬರುತ್ತದೆ. ಆ ವರ್ಷ ಅದು ದಂಡೆಯ ಒಂದು ಊರನ್ನು ಹೊಕ್ಕಿತು. ಊರಿನ ಹೆಸರು ಬರೆಯುವುದಿಲ್ಲ, ಮೊಮ್ಮಕ್ಕಳು ಬದುಕಿದ್ದಾರೆ. ಸುದ್ದಿ ಮುಟ್ಟಿದ ಕೂಡಲೇ ನನ್ನನ್ನು ಕಳಿಸಿದರು. ರೋಣದವರೆಗೆ ಬಸ್ಸು. ಅಲ್ಲಿಂದ ಇಮಾಮಸಾಬ ಎಂಬವನ ಬಾಡಿಗೆ ಗಾಡಿ. ಇಳಿಸಿ ವಾಪಸು ಹೋಗುತ್ತೇನೆಂಬ ಮಾತಿನ ಮೇಲೆ ಬಂದವನು ಅವನು. ಜಿಗುಟು ಎರಿಮಣ್ಣು ಗಾಲಿಯ ನಡುವಿನ ಗುಂಬದವರೆಗೆ ಹತ್ತಿಕೊಂಡು ಎತ್ತುಗಳು ನಿಂತುಬಿಟ್ಟವು. ಕೊನೆಯ ದಾರಿಯನ್ನು ಇಬ್ಬರೂ ಬಾಟಲಿಯ ಪೆಟ್ಟಿಗೆ ಹೊತ್ತು ನಡೆದೆವು.

ಊರು ಕಾಣುವುದಕ್ಕಿಂತ ಮೊದಲು ನಾತ ಬಂತು. ಹೆಣದ ನಾತ ಎಂದುಕೊಂಡೆ. ಇಮಾಮಸಾಬ, 'ಹಗೇವು ತುಂಬ್ಯಾವ್ರಿ ಬಾಯಾರ. ಜ್ವಾಳಾ ಕೊಳತೈತಿ' ಎಂದ. ನೆಲದೊಳಗಿನ ಕಣಜಗಳಿಗೆ ನೀರು ಹೊಕ್ಕು ವರ್ಷದ ಜೋಳವೆಲ್ಲ ಹುಳಿತು ಹೊಗೆಯಾಡುತ್ತಿತ್ತು. ತಗ್ಗಿನಲ್ಲಿದ್ದ ಮಣ್ಣಿನ ಮನೆಗಳು ಬೆಲ್ಲದ ಅಚ್ಚಿನ ಹಾಗೆ ಕರಗಿ ಕೂತಿದ್ದವು. ಒಂದು ಕದ ಮಾತ್ರ ಗೋಡೆಯಿಲ್ಲದೆ ಚೌಕಟ್ಟಿನ ಸಮೇತ ನಿಂತಿತ್ತು, ಅದಕ್ಕೆ ಚಿಲಕ ಹಾಕಿತ್ತು.

ತಗ್ಗಿನ ಮನೆಗಳು ಯಾರವು ಎಂದು ನಾನು ಹೇಳಬೇಕಾಗಿಲ್ಲ. ಊರವರು ಕೆಳಗೇರಿ ಎನ್ನುತ್ತಿದ್ದರು. ಚರ್ಮ ಹದ ಮಾಡುವವರು, ಕೂಲಿ ಮಾಡುವವರು. ಮೇಲಿನ ಓಣಿಗಳಿಗೆ ನೀರು ಹೊಕ್ಕಿದ್ದರೂ ಕಲ್ಲಿನ ಗೋಡೆಗಳು ನಿಂತಿದ್ದವು. ಎಲ್ಲಕ್ಕಿಂತ ಎತ್ತರದಲ್ಲಿದ್ದ, ಊರಿನ ಒಡೆಯರಾದ ದೇಸಾಯರ ವಾಡೆಗೆ, ಅದರ ಮುಂದಿನ ಬಾವಿಗೆ ಏನೂ ಆಗಿರಲಿಲ್ಲ. ಆ ಸೀಮೆಯಲ್ಲಿ ಎಲ್ಲಿ ತೋಡಿದರೂ ಸವುಳು ನೀರು. ಊರಿಗೆಲ್ಲ ಸಿಹಿನೀರಿನದು ಅದೊಂದೇ ಬಾವಿ. ಕೆಳಗೇರಿಯವರು ಕುಡಿಯುತ್ತಿದ್ದ ಹೊಂಡದಲ್ಲಿ ಈಗ ಕೆಸರು ತುಂಬಿ, ಸತ್ತ ಎಮ್ಮೆಯೊಂದು ಉಬ್ಬಿ ತೇಲುತ್ತಿತ್ತು. ಕೇರಿಯ ಜನ, ಗೋಡೆ ಬಿದ್ದು ಸತ್ತ ಮಕ್ಕಳನ್ನು ಮಣ್ಣು ಮಾಡಿ ಬಂದು, ಊರಾಚೆಯ ದಿನ್ನೆಯ ಮೇಲೆ, ಬನ್ನಿಗಿಡದ ಕೆಳಗೆ ಕೂತಿದ್ದರು. ಇಮಾಮಸಾಬ ಅವರನ್ನು ನೋಡಿದ. ಪೆಟ್ಟಿಗೆ ಇಳಿಸಿ, 'ನಾ ಈಗ ಹೋಗಂಗಿಲ್ರಿ' ಎಂದ. ಕಟ್ಟಿಗೆ ಹುಡುಕಲು ಹೊರಟ.

ಆ ದಿನ್ನೆಯ ಹಿರಿಯ ದ್ಯಾಮಪ್ಪ. ಎತ್ತರದ ಆಳು, ಬಿಳಿ ಮೀಸೆ, ಮಾತು ಕಡಿಮೆ. ಅವನ ಸೊಸೆ ಯಲ್ಲವ್ವ ಹಡೆದು ಹೆಚ್ಚು ದಿನವಾಗಿರಲಿಲ್ಲ. ಕೂಸನ್ನು ಒದ್ದೆ ಸೆರಗಿನಲ್ಲಿಯೇ ಸುತ್ತಿಕೊಂಡಿದ್ದಳು. ನಾನು ಮೊದಲು ಕೇಳಿದ್ದು ನೀರಿನ ಬಗ್ಗೆ.

'ದೇಸಾಯರ ಆಳುಗಳು ಮುಂಜಾನೆ ಒಮ್ಮೆ ಸೇದಿ ಹಾಕ್ತಾರ್ರಿ' ಎಂದ ದ್ಯಾಮಪ್ಪ. 'ನಾವು ಕೊಡಾ ದೂರ ಇಟ್ಟು ಸರೀತೇವಿ. ಅವರು ಮ್ಯಾಲಿಂದ ಹಾಕ್ತಾರ. ಅರ್ಧಾ ಕೊಡದಾಗ, ಅರ್ಧಾ ನೆಲಕ್ಕ.'

ಸ್ವಾತಂತ್ರ್ಯ ಬಂದು ವರ್ಷಗಳೇ ಆಗಿದ್ದವು. ಸರಕಾರದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದು, ವಾಡೆಯಲ್ಲಿ ಊಟ ಮಾಡಿ, ಕಟ್ಟೆಯ ಮೇಲಿಂದಲೇ ಕೆಳಗಿನ ಕೆಸರನ್ನು ನೋಡಿ ಹೋಗಿದ್ದರಂತೆ. ನಾನು ವಾಡೆಗೆ ಹೋದೆ. ದೇಸಾಯರು ಕ್ರೂರಿಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಮನುಷ್ಯ ಮನೆಯ ಅಟ್ಟದ ಜೋಳ ಇಳಿಸಿ ಮೇಲೋಣಿಗಳ ಎಲ್ಲರಿಗೂ ಹಂಚಿಸುತ್ತಿದ್ದರು, ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ನನ್ನನ್ನು ಅಂಗಳದಾಚೆ ನಿಲ್ಲಿಸಿಯೇ ಸಮಾಧಾನದಿಂದ ಹೇಳಿದರು: 'ನೀರ ಹಾಕಸಾಕತ್ತೇನಲ್ರಿ ಬಾಯಿ. ಮತ್ತೇನ ಮಾಡ್ಲಿ? ಹಗ್ಗ ಅವರ ಕೈಯಾಗ ಕೊಟ್ರ ಊರ ಮಂದಿ ನನ್ನ ಬಿಟ್ಟಾರೇನು?'

ಬಾಗಿಲ ಸಂದಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ನಿಂತು ಕೇಳುತ್ತಿದ್ದಳು. ದೇಸಾಯರ ಅಕ್ಕ ಗಂಗವ್ವ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಎಂದು ಆಮೇಲೆ ತಿಳಿಯಿತು.

ನೀರು ಶುದ್ಧವಾಗಲು ಬಾವಿಗೆ ಪೊಟ್ಯಾಶಿಯಂ ಪುಡಿ ಹಾಕಬೇಕೆಂದೆ. ಕಿರಸ್ತಾನರ ಪುಡಿ ಬಾವಿಗೆ ಬೇಡವೆಂದರು. ಸರಿ, ಬಂದ ಅಷ್ಟು ನೀರನ್ನೇ ಇಮಾಮಸಾಬ ದೊಡ್ಡ ಹಂಡೆಯಲ್ಲಿ ಕುದಿಸಿದ. ಗಾಯಗಳನ್ನು ತೊಳೆದೆವು. ಜ್ವರದವರಿಗೆ ಗುಳಿಗೆ ಕೊಟ್ಟೆವು. ಹಾಗೂ ಹೀಗೂ ಬದುಕು ನಡೆಯುತ್ತಿತ್ತು.

ಆಗ ನಮ್ಮ ಸಾಹೇಬರು ಬಂದರು.

ಸಾಹೇಬರೆಂದರೆ ದವಾಖಾನೆ, ಶಾಲೆ, ಚರ್ಚಿನ ಸಭೆ ಮೂರರ ಮೇಲ್ವಿಚಾರಕರು. ಬಿಳಿಯರಲ್ಲ, ನಮ್ಮವರೇ, ಬೇರೆ ಸೀಮೆಯಿಂದ ಬಂದವರು. ಒಳ್ಳೆಯ ಕಂಠ, ಪುಸ್ತಕದ ಕನ್ನಡ. ಒಂದು ಲಾರಿ ತುಂಬ ಕಂಬಳಿ, ಹಾಲಿನ ಪುಡಿಯ ಡಬ್ಬಿ ತಂದಿದ್ದರು. ಬೂದು ಬಣ್ಣದ ದಪ್ಪ ಕಂಬಳಿ, ಮೂಲೆಯಲ್ಲಿ ಕೆಂಪು ದಾರದಿಂದ ಶಿಲುಬೆ ಹೊಲಿದಿತ್ತು. ಲಾರಿ ನೋಡಿ ನನಗೆ ಕಣ್ಣೀರು ಬಂತು. ಮಕ್ಕಳು ಚಳಿಗೆ ನಡುಗುತ್ತಿದ್ದವು. ಆದರೆ ಸಾಹೇಬರು ಕಂಬಳಿ ಇಳಿಸಗೊಡಲಿಲ್ಲ. ಮೊದಲು ಎಲ್ಲರನ್ನೂ ಕೂರಿಸಿ ಹಾಡು ಹೇಳಿಸಿದರು. ಆ ಮೇಲೆ ಒಂದು ಗಂಟೆ ಮಾತಾಡಿದರು. ಹಳ್ಳ ಬಂದದ್ದು ದೇವರು ಕೊಟ್ಟ ಎಚ್ಚರಿಕೆ ಎಂದರು. ಕೊನೆಗೆ, ಯಾರು ಉಪದೇಶಕ್ಕೆ ಒಪ್ಪಿ ಮುಂದೆ ಬರುತ್ತಾರೋ ಅವರಿಗೆ ಮೊದಲು ಕಂಬಳಿ ಎಂದರು.

ನಾನು ಅವರನ್ನು ಲಾರಿಯ ಹಿಂದಕ್ಕೆ ಕರೆದೆ. 'ಸಾಹೇಬರೇ, ಇದು ಬೇಡ. ಮೊದಲು ಹೊದಿಸೋಣ. ಹಾಡು ಇನ್ನೊಂದು ದಿನ.'

'ಸುವಾರ್ತಾ, ನೀನಿನ್ನೂ ಚಿಕ್ಕವಳು. ನೆಲ ಈಗ ಹದವಾಗಿದೆ. ಬಿತ್ತುವವನು ಹದ ಬಿಟ್ಟುಕೊಡುವುದಿಲ್ಲ.'

'ಆ ನೆಲದೊಳಗೆ ಇವರ ಮಕ್ಕಳ ಹೆಣ ಇದೆ' ಎಂದೆ.

'ನಿನ್ನ ಕೆಲಸ ಔಷಧ ಕೊಡುವುದು' ಎಂದರು. ಮತ್ತೆ ಮುಂದಕ್ಕೆ ಹೋದರು.

ನನ್ನ ಸಿಟ್ಟನ್ನು ಇಂದಿಗೂ ಕೆಲವರು ನಂಬಿಕೆಯ ಕೊರತೆ ಎನ್ನುತ್ತಾರೆ. ನಂಬಿಕೆ ಇದ್ದದ್ದಕ್ಕೇ ಆ ಸಿಟ್ಟು. ನಾನು ಯೇಸುವನ್ನು ಪ್ರೀತಿಸಿ ಬೆಳೆದವಳು. ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ಅಪ್ಪ ಹೇಳಿಕೊಟ್ಟ ಪ್ರಾರ್ಥನೆಯನ್ನು ಈಗಲೂ ಹೇಳುತ್ತೇನೆ. ನೆರೆಯವರನ್ನು ನಿನ್ನಂತೆಯೇ ನೋಡಿಕೋ ಎಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ಮೊದಲು ಅವರು ಯಾವ ದೇವರಿಗೆ ಕೈ ಮುಗಿಯುತ್ತಾರೆ ವಿಚಾರಿಸು ಎಂದು ಯಾರೂ ಕಲಿಸಿರಲಿಲ್ಲ. ನನ್ನ ಒಡೆಯನ ಹೆಸರನ್ನು ಚಳಿಗೆ ನಡುಗುವ ಕೂಸಿನ ಮುಂದೆ ಹಿಡಿದು ಆಸೆ ತೋರಿಸುತ್ತಿದ್ದಾರೆ ಎಂದು ನನಗೆ ನಾಚಿಕೆಯಾಯಿತು.

ಜನ ಮುಂದೆ ಹೋದರು. ಯಾಕೆ ಹೋಗುವುದಿಲ್ಲ? ದ್ಯಾಮಪ್ಪನೂ ಹೋದ. ಸೊಸೆಗೆ, ಮೊಮ್ಮಗಳಿಗೆ ಒಂದು ಕಂಬಳಿ ತಂದು ಹೊದಿಸಿದ. ಸಾಹೇಬರು ತೃಪ್ತಿಯಿಂದ ಲಾರಿ ಹತ್ತಿ ಹೋದರು.

ಮರುದಿನ ಮುಂಜಾನೆ ಕೇರಿಯವರು ಕೊಡ ಹಿಡಿದು ಬಾವಿಯ ಹತ್ತಿರ ಹೋದರೆ ಆಳುಗಳು ನೀರು ಹಾಕಲಿಲ್ಲ. ಕೆಂಪು ಶಿಲುಬೆಯ ಕಂಬಳಿ ಹೊದ್ದು ನಿಂತವರನ್ನು ಊರೆಲ್ಲ ನೋಡಿತ್ತು. ಮೇಲೋಣಿಯ ಹಿರಿಯರು ಕೂಡಿ ದೇಸಾಯರಿಗೆ ಹೇಳಿಬಿಟ್ಟಿದ್ದರು. ದೇಸಾಯರೇ ಹೊರಗೆ ಬಂದು, 'ಇನ್ನ ನೀವು ಅವರ ಮಂದಿ. ಅವರ ಕಡಿಂದನ ನೀರ ತರಿಸ್ಕೋರಿ' ಎಂದರಂತೆ.

ದ್ಯಾಮಪ್ಪ ದಿನ್ನೆಗೆ ಬಂದು ಕಂಬಳಿಯನ್ನು ಮಡಚಿ ನನ್ನ ಮುಂದೆ ಇಟ್ಟ.

'ಬಾಯಾರ, ಇದನ್ನ ನಿಮ್ಮ ಸಾಹೇಬ್ರಿಗೆ ಮುಟ್ಟಸ್ರಿ. ಚಳಿ ಆದ್ರ ಒಬ್ಬರಿಗೊಬ್ಬರು ಅವಚ್ಕೊಂಡು ಕುಂಡರ್ತೇವಿ. ನೀರಿಗೆ ಏನ್ ಮಾಡೂಣು?'

ಸಾಹೇಬರು ಹೊರಟುಹೋಗಿದ್ದರು. ಸರಕಾರದ ಜೀಪು ಮತ್ತೆ ಬಂದಿರಲಿಲ್ಲ. ಜನ ಹಳ್ಳದ ತಗ್ಗುಗಳಲ್ಲಿ ನಿಂತ ನೀರನ್ನು ಸೀರೆಯಲ್ಲಿ ಸೋಸಿ ಕುಡಿದರು. ಬೇಡವೆಂದು ಕೂಗಿದೆ, ಕುದಿಸುತ್ತೇವೆ ತಡೆಯಿರಿ ಎಂದೆ. ಒಣ ಕಟ್ಟಿಗೆ ಸಾಲದು, ಮಕ್ಕಳು ತಡೆಯವು. ವಾಂತಿಭೇದಿ ಶುರುವಾಯಿತು.

ಕಾಲರಾ ನೋಡದವರಿಗೆ ಅದನ್ನು ವಿವರಿಸುವುದು ಕಷ್ಟ. ಅಕ್ಕಿ ತೊಳೆದ ನೀರಿನಂತೆ ಮೈಯೊಳಗಿನದೆಲ್ಲ ಹರಿದುಹೋಗುತ್ತದೆ. ಬೆಳಿಗ್ಗೆ ಗಟ್ಟಿಯಾಗಿ ಮಾತಾಡಿದ ಮನುಷ್ಯ ಮಧ್ಯಾಹ್ನದ ಹೊತ್ತಿಗೆ ಕಣ್ಣು ಒಳಗೆ ಹೋಗಿ, ಬೆರಳು ಸುಕ್ಕುಗಟ್ಟಿ, ಗುರುತು ಸಿಗುವುದಿಲ್ಲ. ಬಾಟಲಿಗಳನ್ನು ಬನ್ನಿಯ ಟೊಂಗೆಗೆ ತೂಗುಹಾಕಿ ರಕ್ತನಾಳ ಹುಡುಕಿ ಹುಡುಕಿ ಸಲೈನು ಕೊಟ್ಟೆ. ಬಾಟಲಿ ಮುಗಿದವು. ಈಗ ನೀವು ಉಪ್ಪು-ಸಕ್ಕರೆಯ ಪೊಟ್ಟಣ ನೀರಿಗೆ ಹಾಕಿ ಕುಡಿಸುತ್ತೀರಿ. ವಾಂತಿ ನಿಲ್ಲುವವರೆಗೆ ಬಾಯಿಗೆ ಏನೂ ಕೊಡಬೇಡಿ ಎಂದು ನಮಗೆ ಆಗ ಕಲಿಸಿದ್ದರು. ಬಾಟಲಿ ಮುಗಿದ ಮೇಲೆ ಆ ಪಾಠ ಹಿಡಿದು ಕೂರಲು ಆಗುತ್ತದೆಯೇ? ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿ ನೋಡಿದೆ. ಕೆಲವರಿಗೆ ನಿಂತಿತು. ಆದರೆ ನೀರೆಲ್ಲಿ?

ಯಲ್ಲವ್ವ ಮಲಗಿಬಿಟ್ಟಳು. ನಾಲಗೆ ಅಂಗುಳಿಗೆ ಅಂಟಿಕೊಂಡು ಮಾತು ಹೊರಡಲೊಲ್ಲದು. ಕೂಸು ಎದೆ ಚೀಪಿ ಏನೂ ಸಿಗದೆ ಕಿರುಚುತ್ತಿತ್ತು. ನಾನು ಎದ್ದು ಕೊಡ ಎತ್ತಿಕೊಂಡೆ. ಪ್ರಾರ್ಥನೆ ಮಾಡಿದಿರಾ ಎಂದು ಸಭೆಯಲ್ಲಿ ಆಮೇಲೆ ಯಾರೋ ಕೇಳಿದರು. ಇಲ್ಲ. ಕಾಲು ತಾವಾಗಿ ನಡೆದವು.

ಬಿಸಿಲು ನೆತ್ತಿಯ ಮೇಲಿತ್ತು. ಬಾವಿಯ ಕಟ್ಟೆಯ ಮೇಲೆ ಮೇಲೋಣಿಯ ಗಂಡಸರು ಕೂತಿದ್ದರು. ದೇಸಾಯರೂ ಇದ್ದರು.

'ಅಲ್ಲೇ ನಿಂದರ್ರಿ ನರ್ಸಬಾಯಿ' ಎಂದರು.

'ದಿನ್ನಿ ಮ್ಯಾಲೆ ಮಂದಿ ಸಾಯಾಕತ್ತೈತ್ರಿ. ನೀರ ಬೇಕು.'

'ಕಂಬಳಿ ಕೊಟ್ಟವರು ನೀರೂ ಕೊಡ್ತಾರ.'

'ಕಂಬಳಿ ಕೊಟ್ಟವರದು ತಪ್ಪು. ನಾನ ಹೇಳ್ತೇನಿ, ತಪ್ಪು. ಅದಕ್ಕ ಬಾಣಂತಿ ಯಾಕ ಸಾಯಬೇಕ್ರಿ? ಇದು ಕಾನೂನಿಗೂ ವಿರುದ್ಧ.'

'ಕಾನೂನ ಪ್ಯಾಟ್ಯಾಗ ಇರ್ತೈತಿ. ಇದು ನಮ್ಮ ಬಾಂವಿ.'

ನಾನು ಕಟ್ಟೆ ಹತ್ತಿದೆ. ಹಗ್ಗಕ್ಕೆ ಕೊಡ ಕಟ್ಟಿ ಬಾವಿಗೆ ಬಿಟ್ಟೆ. ಎಲ್ಲರೂ ಎದ್ದು ನಿಂತರು. ಒಬ್ಬ ಯುವಕ ಬಂದು ಹಗ್ಗವನ್ನು ಕೈಯಿಂದ ಕಸಿದ. ಕೊಡ ಗೋಡೆಗೆ ಬಡಿದ ಸದ್ದು ಕೇಳಿತು. ಹೆಂಗಸೆಂದು ಹೊಡೆಯಲಿಲ್ಲ, ಅಷ್ಟೇ. ಬಾಯಿಗೆ ಬಂದದ್ದೆಲ್ಲ ಅಂದರು. ನಮ್ಮಪ್ಪನನ್ನು, ಅವ್ವನನ್ನು, ನಮ್ಮ ದೇವರನ್ನು.

ಆಗ ವಾಡೆಯ ಬಾಗಿಲು ತೆರೆಯಿತು. ಗಂಗವ್ವ ಬರಿಗಾಲಲ್ಲಿ ಬಿಸಿಲಿಗೆ ಇಳಿದು ಬಂದಳು. ಸೊಂಟದಲ್ಲಿ ತಾಮ್ರದ ಕೊಡ. ಆಕೆ ಗಂಡಸರ ಎದುರು ಹಾಗೆ ಬಂದದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

'ಹಗ್ಗ ಬಿಡೋ' ಎಂದಳು ಯುವಕನಿಗೆ.

'ಅಕ್ಕಾ, ನೀ ಒಳಗ ಹೋಗು' ಎಂದರು ದೇಸಾಯರು.

'ಒಳಗ ಇದ್ದದ್ದು ಸಾಕಾತಪಾ.' ಹಗ್ಗ ಹಿಡಿದು ಎಳೆಯತೊಡಗಿದಳು. ಕೈಗೆ ಅಭ್ಯಾಸವಿರಲಿಲ್ಲ, ಹಗ್ಗ ಜಾರುತ್ತಿತ್ತು. ಹಿಂದೆ ಹೋಗಿ ನಾನೂ ಹಿಡಿದೆ. ಇಬ್ಬರ ಕೈಯೂ ಒಂದರ ಮೇಲೊಂದು ಬಿದ್ದವು. ಆಕೆ ಸರಿಯಲಿಲ್ಲ. ನನ್ನ ಕೊಡ ಮೇಲೆ ಬಂತು. ಆ ಮೇಲೆ ತನ್ನ ತಾಮ್ರದ ಕೊಡವನ್ನೂ ತುಂಬಿಸಿ, ಸೊಂಟಕ್ಕೆ ಏರಿಸಿ, ದಿನ್ನೆಯ ಕಡೆ ಮುಖ ಮಾಡಿದಳು.

ದೇಸಾಯರು ಎರಡು ಹೆಜ್ಜೆ ಹಿಂದೆ ಬಂದರು. 'ಅಕ್ಕಾ, ಆ ಕೇರ್ಯಾಗ ಕಾಲಿಟ್ಟ ಮ್ಯಾಲೆ ಈ ಹೊಸ್ತಲಾ ದಾಟಾಕ ಆಗಂಗಿಲ್ಲ. ನಾ ಬ್ಯಾಡ ಅಂದ್ರೂ ಮಂದಿ ಬಿಡಂಗಿಲ್ಲ.'

ಗಂಗವ್ವ ನಿಂತಳು. ತಮ್ಮನ ಮುಖವನ್ನು ಚೆನ್ನಾಗಿ ನೋಡಿದಳು. 'ನೀ ಸಣ್ಣಾಂವ ಇದ್ದಾಗ ಇದಽ ಬ್ಯಾನಿ ಬಂದಿತ್ತು ನಿನಗ. ನೀರು ನೀರು ಅಂತಿದ್ದಿ' ಎಂದಳು. ಕೊಡ ಸರಿಮಾಡಿಕೊಂಡು ಹೊರಟಳು.

ದಿನ್ನೆಯ ಮೇಲೆ ಯಲ್ಲವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾನು ತೋರಿಸಿದ ಹಾಗೆ ಗುಟುಕು ಗುಟುಕಾಗಿ ನೀರು ಹಾಕಿದಳು. ಯಲ್ಲವ್ವ ಅವಳ ಸೀರೆಯ ಮೇಲೆಯೇ ಕಾರಿಕೊಂಡಳು. ಒರೆಸಿ ಮತ್ತೆ ಹಾಕಿದಳು. ಹೊತ್ತು ಮುಳುಗುವ ಮೊದಲು ಯಲ್ಲವ್ವನ ನಾಲಗೆ ಒದ್ದೆಯಾಯಿತು. 'ಕೂಸೆಲ್ಲೈತಿ?' ಎಂದಳು.

ಆ ದಿನದಿಂದ ಗಂಗವ್ವ ದಿನ್ನೆಯಲ್ಲಿಯೇ ಉಳಿದಳು. ದೇಸಾಯರು ಬಾವಿಗೆ ಕಾವಲು ಇಟ್ಟರು. ಆದರೆ ಮೇಲೋಣಿಯ ಕೆಲವು ಹೆಂಗಸರು ತುಂಬಿದ ಕೊಡಗಳನ್ನು ಊರ ಅಗಸೆಬಾಗಿಲ ಹತ್ತಿರ ಇಟ್ಟು, ಹಿಂದಿರುಗಿ ನೋಡದೆ ಹೋಗತೊಡಗಿದರು. ನಾನೂ ಇಮಾಮಸಾಬನೂ ಹೋಗಿ ತರುತ್ತಿದ್ದೆವು. ಆ ನೀರಿನಿಂದ ಎಷ್ಟೋ ಜೀವ ಉಳಿದವು. ಎಷ್ಟೋ ಉಳಿಯಲಿಲ್ಲ. ದ್ಯಾಮಪ್ಪ ಹೋದ. ಎಲ್ಲರಿಗೂ ನೀರು ಹಂಚಿ ತಾನು ಕೊನೆಗೆ ಕುಡಿಯುತ್ತಿದ್ದ ಮನುಷ್ಯ. ಚಳಿಯಿಂದ ಅದುರುತ್ತಿದ್ದಾಗ ಪೆಟ್ಟಿಗೆಯ ಮೇಲಿದ್ದ ಆ ಕಂಬಳಿಯನ್ನು ಹೊದಿಸಲು ಹೋದೆ. ಕೈಯಿಂದ ಸರಿಸಿದ. ಇಮಾಮಸಾಬ ತನ್ನ ದುಪ್ಪಟಿ ತೆಗೆದು ಹೊದಿಸಿದ. ಅದರಲ್ಲಿಯೇ ಅವನನ್ನು ಮಣ್ಣು ಮಾಡಿದರು.

ಕೊನೆಗೆ ಸರಕಾರದ ವೈದ್ಯರು, ನೀರಿನ ಪೀಪಾಯಿ, ಪೊಲೀಸರು ಎಲ್ಲ ಬಂದರು. ಬಾವಿ ತೆರೆಯಿತು. ಬರಬೇಕಾದ ಹೊತ್ತಿಗೆ ಬಾರದವರು, ಬಂದ ಮೇಲೆ ಫೋಟೋ ತೆಗೆಸಿಕೊಂಡರು. ಇರಲಿ.

ನಾವು ಹೊರಡುವ ದಿನ ಗಂಗವ್ವ ವಾಡೆಯ ಮುಂದೆ ಹೋಗಿ ನಿಂತಳು. ಕದ ತೆರೆಯಲಿಲ್ಲ. ಒಳಗಿಂದ ಅಳುವ ಧ್ವನಿ ಕೇಳಿತು, ಗಂಡಸಿನದು. ಆದರೂ ತೆರೆಯಲಿಲ್ಲ. ಗಂಗವ್ವ ನಮ್ಮ ಗಾಡಿ ಹತ್ತಿದಳು.

ಗಜೇಂದ್ರಗಡಕ್ಕೆ ಬಂದು, ಸಭೆಯ ವಿಧವೆಯರ ವಸತಿಯಲ್ಲಿ ಆಕೆಗೊಂದು ಮೂಲೆ ಕೊಡಿ ಎಂದು ಸಾಹೇಬರನ್ನು ಕೇಳಿದೆ. ಕೋಣೆ ಖಾಲಿ ಇತ್ತು. 'ದೀಕ್ಷಾಸ್ನಾನ ಪಡೆದು ಕ್ರೈಸ್ತಳಾಗಲು ಒಪ್ಪುತ್ತಾಳೆಯೇ?' ಎಂದರು. ಗಂಗವ್ವ ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಕೊಂಡು, 'ಇದನ್ನ ಬಿಡಂಗಿಲ್ರಿ' ಎಂದಳು. ಹಾಗಾದರೆ ಆಗುವುದಿಲ್ಲ ಎಂದರು. ಮನೆಯಿಂದ ಹೊರಗೆ ಹಾಕಿದವರಿಗೂ ಒಳಗೆ ಬಿಟ್ಟುಕೊಳ್ಳದವರಿಗೂ ಏನು ವ್ಯತ್ಯಾಸ? ಇಬ್ಬರೂ ಆಕೆಯ ಕೊರಳು ನೋಡಿದರು. ನೀರು ಹೊತ್ತ ಸೊಂಟವನ್ನು ಯಾರೂ ನೋಡಲಿಲ್ಲ. ನಾನು ಆಕೆಯನ್ನು ನೇಕಾರರ ಓಣಿಯ ನಮ್ಮ ಮನೆಗೆ ಕರೆದುಕೊಂಡು ಬಂದೆ. ಅಪ್ಪ ಮಗ್ಗ ನಿಲ್ಲಿಸಿ ಎದ್ದು, 'ಬರ್ರಿ ಅಕ್ಕಾರ' ಎಂದ. ಒಳಕೋಣೆಯಲ್ಲಿ ಆಕೆ ಲಿಂಗಪೂಜೆ ಮಾಡಿಕೊಳ್ಳುತ್ತಿದ್ದಳು. ಹೊರಗೆ ನಾವು ಪ್ರಾರ್ಥನೆ ಮಾಡುತ್ತಿದ್ದೆವು. ಹಗಲೆಲ್ಲ ನನ್ನ ಜೊತೆ ದವಾಖಾನೆಗೆ ಬಂದು ನೀರು ಕುದಿಸುವುದು, ಬಾಣಂತಿಯರಿಗೆ ಉಣಿಸುವುದು ಮಾಡುತ್ತಿದ್ದಳು. ಯಾರೂ ಆಕೆಯನ್ನು ನೇಮಿಸಿರಲಿಲ್ಲ, ಯಾರಿಗೂ ಬೇಡವೆನ್ನುವ ಧೈರ್ಯವೂ ಆಗಲಿಲ್ಲ.

ಕೆಲವು ತಿಂಗಳ ಮೇಲೆ, ಕಂಬಳಿ ಕಳಿಸಿದ ಹೊರದೇಶದ ಅತಿಥಿಗಳು ನಮ್ಮ ಸಭೆಗೆ ಬಂದರು. ಗಂಡ ಹೆಂಡತಿ ಇಬ್ಬರು, ಬಿಸಿಲಿಗೆ ಮುಖ ಕೆಂಪಾಗಿತ್ತು, ಒಳ್ಳೆಯ ಜನ. ಸಾಹೇಬರು ವೇದಿಕೆಯ ಮೇಲೆ ನಿಂತು ಇಂಗ್ಲಿಷಿನಲ್ಲಿ ಹಳ್ಳದ ಕಥೆ ಹೇಳಿದರು. ದ್ಯಾಮಪ್ಪ ಎಂಬ ವೃದ್ಧ ನಮ್ಮ ಕಂಬಳಿಯೊಳಗೆ ನೆಮ್ಮದಿಯಿಂದ ಕಣ್ಣು ಮುಚ್ಚಿದ ಎಂದರು. ಅತಿಥಿಗಳ ಮುಂದೆ ಬೇಡ ಎಂದು ಹಲ್ಲು ಕಚ್ಚಿ ಕುಳಿತೆ.

ಆಮೇಲೆ ಗಂಗವ್ವನನ್ನು ಮುಂದೆ ಕರೆದರು. ಆಕೆಗೆ ಯಾಕೆಂದು ಗೊತ್ತಿಲ್ಲ, ಸೆರಗು ಹೊದ್ದುಕೊಂಡು ಹೋಗಿ ನಿಂತಳು. ಅತಿಥಿ ಹೆಂಗಸು ಏನೋ ಕೇಳಿದಳು. ಸಾಹೇಬರು ಕನ್ನಡದಲ್ಲಿ, 'ಆ ದಿನ ನಿನ್ನನ್ನು ಬಾವಿಗೆ ಕಳುಹಿಸಿದವರು ಯಾರು? ಯೇಸುಸ್ವಾಮಿಯ ಮಾತು ಕೇಳಿಸಿತೇ?' ಎಂದರು.

ಗಂಗವ್ವ ಯೋಚಿಸಿದಳು. 'ಇಲ್ರಿ' ಎಂದಳು. 'ಯಾರೂ ಕಳಸಲಿಲ್ಲ. ಆಕಿ ಬಾಯಿ ಒಣಗಿತ್ತು.'

ಸಾಹೇಬರು ಅತಿಥಿಗಳ ಕಡೆ ತಿರುಗಿ, ಒಳ್ಳೆಯ ಕಂಠದಲ್ಲಿ, ಇಂಗ್ಲಿಷಿನಲ್ಲಿ ಹೇಳಿದರು: ಕರ್ತನು ನನ್ನ ಹೃದಯದಲ್ಲಿ ಮಾತಾಡಿದನು, ಆತನ ದಾಹವನ್ನು ನಾನು ಕಂಡೆನು ಎನ್ನುತ್ತಿದ್ದಾಳೆ. ಅತಿಥಿ ಹೆಂಗಸಿನ ಕಣ್ಣಲ್ಲಿ ನೀರು ಬಂತು. ಎಲ್ಲರೂ ಆಮೆನ್ ಎಂದರು.

ನಾನು ಎದ್ದು ನಿಂತೆ. ಇಂಗ್ಲಿಷಿನಲ್ಲಿಯೇ ಹೇಳಿದೆ, ತರಬೇತಿಯಲ್ಲಿ ಕಲಿತ ಹರುಕು ಇಂಗ್ಲಿಷು. 'ಆಕೆ ಹಾಗೆ ಹೇಳಲಿಲ್ಲ. ಬಾಣಂತಿಯ ಬಾಯಿ ಒಣಗಿತ್ತು ಎಂದಳು. ದ್ಯಾಮಪ್ಪ ಕಂಬಳಿ ವಾಪಸು ಕೊಟ್ಟು ಸತ್ತ. ನೀರು ತಂದವರಲ್ಲಿ ನಮ್ಮ ಸಭೆಯವಳು ನಾನೊಬ್ಬಳು. ಉಳಿದವರ ಹೆಸರು ಗಂಗವ್ವ, ಇಮಾಮಸಾಬ.' ಕನ್ನಡದಲ್ಲಿ ಸಭೆಗೂ ಹೇಳಿದೆ. ಮುಂದಿನ ಸಾಲಿನವರು ತಲೆ ತಗ್ಗಿಸಿದರು. ಅಪ್ಪ ಹಿಂದಿನ ಸಾಲಿನಲ್ಲಿ ಎದ್ದು ನಿಂತದ್ದು ಕಾಣಿಸಿತು.

ಆ ಕೆಲಸ ಹೋಯಿತು. ಕನ್ನಡ ಸೀಮೆಗಳು ಒಂದೇ ರಾಜ್ಯವಾದ ಮೇಲೆ ರೋಣದಲ್ಲಿ ಸರಕಾರಿ ಕೆಲಸ ಸಿಕ್ಕಿತು, ನಿವೃತ್ತಿಯವರೆಗೆ ಆ ಕೆಲಸವನ್ನೇ ಮಾಡಿದೆ. ಗಂಗವ್ವ ಕೊನೆಯವರೆಗೂ ನನ್ನ ಜೊತೆಗಿದ್ದಳು. ನಾನು ಚರ್ಚಿಗೆ ಹೋಗುವುದನ್ನು ಬಿಟ್ಟಿಲ್ಲ, ಈ ಭಾನುವಾರವೂ ಹೋಗಿದ್ದೆ. ದೇವರ ಆ ಮನೆ ಸಾಹೇಬರದಲ್ಲ.

ಅತಿಥಿಗಳು ಬಂದಿದ್ದ ಆ ದಿನ ಸಭೆಯಿಂದ ಮನೆಗೆ ನಡೆದು ಬರುವಾಗ ನಾನು ಅಳುತ್ತಿದ್ದೆ. ಸಿಟ್ಟಿನ ಅಳು. ಗಂಗವ್ವ ಓಣಿಯ ತಿರುವಿನಲ್ಲಿ ನಿಂತು ಕೇಳಿದಳು.

'ನಾ ಅಂದದ್ದನ್ನ ಆ ಸಾಹೇಬ ಏನಂತ ತಿರುವಿ ಹೇಳಿದಾ?'

ಹೇಳಿದೆ. ಆಕೆ ಸೆರಗಿನಿಂದ ನನ್ನ ಮುಖ ಒರೆಸಿದಳು.

'ಸುವಾರ್ತಾ, ನಿಮ್ಮ ದೇವರಿಗೆ ಕನ್ನಡಾ ತಿಳೀತೈತಿಲ್ಲೋ?'

'ತಿಳೀತೈತಿ.'

'ಹಂಗಾದ್ರ ನಾ ಅಂದದ್ದು ಅವಗ ಕೇಳೇತಿ ಬಿಡು. ನಡಿ, ಒಲಿ ಆರಿರ್ತೈತಿ.'